ಅಜ್ಜಿ ನೋಡದ ಎಪಿಸೋಡ್

"ಆಮೇಲೆ? ದೊಡ್ಡ ಸೊಸೆ ಬಾಗಿಲು ತೆಗೆದ್ಲಾ ಇಲ್ವಾ?" ಅಜ್ಜಿ ಕೇಳಿದರು.

ಟೀಚರಮ್ಮ ಶೂ ಲೇಸ್ ಕಟ್ಟುತ್ತಾ ಯೋಚಿಸಿದಳು. ಅವಳಿಗೆ ಹತ್ತೇ ವರ್ಷ. ಕಂಡವರ ತಪ್ಪನ್ನೆಲ್ಲ ತಿದ್ದುತ್ತಾಳೆಂದು ಮನೆಯಲ್ಲಿ ಆ ಹೆಸರು ಬಿದ್ದಿತ್ತು.

ಅಜ್ಜಿ ಹಲ್ಲಿನ ಕ್ಲಿನಿಕ್ಕಿನಲ್ಲಿ ಆಯಾ. ಈ ವಾರ ಅವರಿಗೆ ರಾತ್ರಿ ಎಂಟರವರೆಗೆ ಡ್ಯೂಟಿ. ಏಳು ಗಂಟೆಯ ಸೀರಿಯಲ್ ತಪ್ಪಿಹೋಗುತ್ತಿತ್ತು. "ನೀನು ನೋಡಿ ನಂಗೆ ಹೇಳು ಪುಟ್ಟಾ" ಎಂದು ಮೊಮ್ಮಗಳಿಗೆ ಒಪ್ಪಿಸಿದ್ದರು.

ಅದನ್ನು ನೋಡುವುದೇ? ಒಂದು ಲೋಟ ನೀರು ಕುಡಿಯಲು ಮೂರು ದಿನ ತೆಗೆದುಕೊಳ್ಳುವ ಸೀರಿಯಲ್ಲನ್ನು? ಒಬ್ಬರು "ಏನು?" ಎಂದರೆ ಸಾಕು, ಮನೆಮಂದಿಯ ಮುಖವನ್ನೆಲ್ಲ ಸಾಲಾಗಿ ತೋರಿಸುತ್ತಾರೆ. ಮಲಗುವಾಗಲೂ ಮೈತುಂಬ ಒಡವೆ. ಸತ್ತ ಗಂಡ ಆಗಲೇ ಎರಡು ಸಲ ವಾಪಸ್ ಬಂದಿದ್ದ. ಇಂಥದ್ದಕ್ಕೂ ಕಣ್ಣೀರು ಹಾಕುವವರನ್ನು ಕಂಡರೆ ಟೀಚರಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು.

ನಿನ್ನೆ ಅವಳು ಟಿವಿ ಹಾಕಿರಲೇ ಇಲ್ಲ. ಈಗ ಕತೆ ಕಟ್ಟಿದಳು.

"ತೆಗೆದ್ಲು ಅಜ್ಜಿ. ಹೊರಗೆ ಯಾರು ಗೊತ್ತಾ? ಅವಳೇ! ಅಂದ್ರೆ ಅವಳ ಟ್ವಿನ್ನು. ಕೈಯಲ್ಲಿ ಹಾವು ಬೇರೆ!"

"ಅಯ್ಯೋ, ಹಾವಾ!" ಅಜ್ಜಿ ಎದೆ ಮೇಲೆ ಕೈಯಿಟ್ಟುಕೊಂಡರು. "ನಂಗೆ ಮೊದಲಿಂದ್ಲೂ ಡೌಟಿತ್ತು ಬಿಡು."

ನಗು ಬಚ್ಚಿಡಲು ಟೀಚರಮ್ಮ ಇನ್ನೊಂದು ಶೂಗೆ ಬಗ್ಗಿದಳು. ಏನು ಹೇಳಿದರೂ ನಂಬುತ್ತಾರಲ್ಲ!

ಅಂದು ಶನಿವಾರ, ಅರ್ಧ ದಿನ ಸ್ಕೂಲು. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುತ್ತಿದ್ದುದರಿಂದ ಶನಿವಾರ ಅವಳು ಸ್ಕೂಲಿನಿಂದ ನೇರವಾಗಿ ಕ್ಲಿನಿಕ್ಕಿಗೇ ಬರುತ್ತಿದ್ದಳು. ಹಿಂದಿನ ಕೋಣೆಯ ಹತ್ತಿರ ಬರುವಾಗಲೇ ಜೋರು ನಗು ಕೇಳಿಸಿತು.

ನರ್ಸಕ್ಕ, ರಿಸೆಪ್ಷನ್ ಅಕ್ಕ ಊಟದ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು. ಅಜ್ಜಿ ಹಲ್ಲು ಕೀಳುವ ಇಕ್ಕಳಗಳನ್ನು ತೊಳೆದು ಒರೆಸುತ್ತಿದ್ದರು.

"ಟ್ವಿನ್ನಂತೆ! ಹಾವಂತೆ!" ರಿಸೆಪ್ಷನ್ ಅಕ್ಕನಿಗೆ ನಕ್ಕು ನಕ್ಕು ನೆತ್ತಿಗೇರಿತು. "ಬಾಗಿಲು ತೆಗೆದಿದ್ದು ಅತ್ತೆ, ಹೊರಗಿದ್ದಿದ್ದು ಪೊಲೀಸು. ನೀವು ಯಾವ ಲೋಕದ ಚಾನೆಲ್ ನೋಡಿದ್ರಿ ಅಜ್ಜಿ?"

"ಅವರಿಗೆ ಕನಸು ಯಾವುದು, ಸೀರಿಯಲ್ ಯಾವುದು ಅಂತ ಗೊತ್ತಾಗಲ್ಲ ಕಣೇ" ಎಂದಳು ನರ್ಸಕ್ಕ. "ಏನು ಹೇಳಿದ್ರೂ ನಂಬ್ತಾರೆ, ಪಾಪ!"

ಟೀಚರಮ್ಮ ಬಾಗಿಲಲ್ಲೇ ನಿಂತುಬಿಟ್ಟಳು.

ಅಜ್ಜಿ ತಲೆಯೆತ್ತಿದರು. ಬಾಗಿಲಲ್ಲಿ ನಿಂತ ಮೊಮ್ಮಗಳನ್ನು ನೋಡಿದರು. ನೋಡುತ್ತಲೇ ಇದ್ದರು. ಆಮೇಲೆ ಇಕ್ಕಳದ ಕಡೆ ತಿರುಗಿದರು.

"ಮೊಮ್ಮಗಳು ಸರಿಯಾಗೇ ಹೇಳಿರ್ತಾಳೆ. ನನ್ನ ಕಿವೀನೇ ಈಚೆಗೆ ಮಂದ."

ಮಂದವಂತೆ! ಪಕ್ಕದ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತೆಂದು ಕೂತಲ್ಲೇ ಹೇಳುವ ಅಜ್ಜಿ!

"ಅಜ್ಜಿ ಕಿವಿ ಚೆನ್ನಾಗೇ ಇದೆ" ಎಂದಳು ಟೀಚರಮ್ಮ. "ನಾನೇ ಸುಳ್ಳು ಹೇಳಿದ್ದು. ನಾನು ಸೀರಿಯಲ್ ನೋಡೇ ಇಲ್ಲ."

ನಗು ನಿಂತಿತು. ನರ್ಸಕ್ಕ ಸುಮ್ಮನೆ ಡಬ್ಬಿಯ ಮುಚ್ಚಳ ಹಾಕಿದಳು. ಅಜ್ಜಿ ಇಕ್ಕಳ ಒರೆಸುತ್ತಲೇ ಇದ್ದರು.

ಸಂಜೆ ಅಮ್ಮನ ಜೊತೆ ಮನೆಗೆ ಬಂದು, ಏಳಕ್ಕೆ ಸರಿಯಾಗಿ ಅವಳು ಟಿವಿ ಮುಂದೆ ಕೂತಳು. ಸೀರಿಯಲ್ ಒಂಚೂರೂ ಸುಧಾರಿಸಿರಲಿಲ್ಲ. ಹೊಸ್ತಿಲು ದಾಟಲು ಪೊಲೀಸಪ್ಪ ಹತ್ತು ನಿಮಿಷ ತೆಗೆದುಕೊಂಡ. ಆದರೂ ಅವಳು ಎದ್ದು ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಅಜ್ಜಿ ಅವಳ ತಲೆ ಬಾಚಿದರು. ಸಿಕ್ಕು ಬಿಡಿಸಿದರು, ಬೈತಲೆ ತೆಗೆದರು. ಸೀರಿಯಲ್ ಬಗ್ಗೆ ಕೇಳಲೇ ಇಲ್ಲ. ಬೈದಿದ್ದರಾದರೂ ಚೆನ್ನಾಗಿತ್ತು.

"ಪೊಲೀಸು ಒಳಗೆ ಬಂದ ಅಜ್ಜಿ" ಎಂದಳು ತಾನಾಗಿಯೇ. "ದೊಡ್ಡ ಸೊಸೆನೇ ಕಳ್ಳಿ ಅಂತ ಅತ್ತೆ ಹೇಳಿದ್ಲು. ಅವಳನ್ನ ನೋಡಿ ಎಲ್ರೂ ನಕ್ರು. ನಿಜವಾಗ್ಲೂ. ಪೂರ್ತಿ ನೋಡಿದೀನಿ."

ಜಡೆ ಹೆಣೆಯುತ್ತಿದ್ದ ಕೈ ನಿಧಾನವಾಯಿತು.

"ಅತ್ಲಾ ದೊಡ್ಡ ಸೊಸೆ?"

ಟೀಚರಮ್ಮ ತಿರುಗಿ ಅಜ್ಜಿಯ ಮುಖ ನೋಡಬೇಕೆಂದುಕೊಂಡಳು. ಧೈರ್ಯ ಸಾಲಲಿಲ್ಲ.

"ಇಲ್ಲ. ಎಲ್ರೂ ನೋಡ್ತಿದ್ರಲ್ಲ, ಅದಕ್ಕೆ."

"ಹ್ಞೂಂ" ಎಂದರು ಅಜ್ಜಿ, ಜಡೆಗೆ ರಬ್ಬರ್ ಬ್ಯಾಂಡ್ ಸುತ್ತುತ್ತಾ. "ಎಲ್ರೆದುರು ಅಳೋಕಾಗಲ್ಲ ಪುಟ್ಟಾ."