ಕರಿ ಚೀಲದೊಳಗಿನ ಬಾವಲಿಗಳು

ಆಕಾಶ ಈಗಿನಷ್ಟು ಮೇಲಿರದ ಕಾಲ. ಏಣಿ ಹಾಕಿ ಮೋಡ ಮುಟ್ಟುತ್ತಿದ್ದರು. ಸುಳ್ಳು ಅನ್ನೋರು ಆಗಿನ್ನೂ ಹುಟ್ಟಿರಲಿಲ್ಲ. ಆಗ ಹಿಪ್ಪೆಗೆರೆ ಅಂತ ಒಂದು ರಾಜ್ಯ. ರಾಜ್ಯದ ನಡುವೆ ಒಂದು ಗೋಣಿಮರ. ಎಂಥ ಮರ ಅಂತೀರಿ? ಅದರ ಈ ತುದಿಯಲ್ಲಿ ಮಳೆ ಹುಯ್ದರೆ ಆ ತುದಿಯಲ್ಲಿ ರಾಗಿ ಒಣಹಾಕುತ್ತಿದ್ದರು. ಕೊಂಬೆಕೊಂಬೆಗೂ ಸಾವಿರ ಬಾವಲಿ ತಲೆಕೆಳಗಾಗಿ ತೂಗುತ್ತಿದ್ದವು. ಹೊತ್ತು ಮುಳುಗಿ ಅವು ಎದ್ದರೆ, ಮೊದಲ ಬಾವಲಿ ರಾಜ್ಯದ ಗಡಿ ದಾಟಿದರೂ ಕೊನೆಯದಿನ್ನೂ ಕೊಂಬೆ ಬಿಟ್ಟಿರುತ್ತಿರಲಿಲ್ಲ. ಈಗ ಆಕಾಶ ನೋಡಿದರೆ ಎರಡೋ ಮೂರೋ. ಈಗಿನವರಿಗೆ ಆ ಸಂಜೆಯನ್ನು ಹೇಗೆ ತೋರಿಸೋದು.

ಬಾವಲಿಗಳು ಮರದಿಂದ ಮರಕ್ಕೆ ಹಾರಿ ಹಿಪ್ಪೆ ಹೂವಿನ ಸಿಹಿ ಉಣ್ಣುತ್ತಿದ್ದವು. ಅವು ಬಂದು ಹೋದ ಹೂವು ಕಾಯಿ ಕಟ್ಟುತ್ತಿತ್ತು. ಕಾಯಿ ಹಣ್ಣಾದಾಗ ತಂದು ತಿಂದು, ಬೀಜವನ್ನು ಗೋಣಿಮರದಡಿ ಉದುರಿಸುತ್ತಿದ್ದವು. ಬೆಳಿಗ್ಗೆ ಹೆಂಗಸರು ಬುಟ್ಟಿ ತಂದು ಆರಿಸುತ್ತಿದ್ದರು. ಮರ ಹತ್ತಿ ಹಣ್ಣು ಕೀಳೋದು ಆ ಸೀಮೆಯ ರೂಢಿಯಲ್ಲ. ಬಾವಲಿ ಉಂಡು ಬಿಟ್ಟದ್ದೇ ಜನಕ್ಕೆ. ಗಾಣದ ಮಾಳಿಂಗ ಆ ಬೀಜ ಅರೆದು ಎಣ್ಣೆ ತೆಗೆಯುತ್ತಿದ್ದ. ಮನೆಮನೆಯಲ್ಲೂ ಬೆಳಗಾಗುವವರೆಗೆ ದೀಪ.

ಆ ದೀಪ ಕಂಡರಾಗದವನು ಒಬ್ಬನಿದ್ದ, ಗುಹೆಯ ಮಾಂತ್ರಿಕ ಮಾರಬೀರ. ಕತ್ತಲ ಮನೆಗೆ ನುಗ್ಗಿ ಮಲಗಿದವರ ಉಸಿರು ಹೀರೋದೇ ಅವನ ಊಟ. ಅರಮನೆಯಲ್ಲಿ ಒಮ್ಮೆ ಗಾಳಿಗೆ ದೀಪ ಆರಿತು. ಮಾರಬೀರ ಒಳನುಗ್ಗಿ ರಾಜ ಕೆಂಚರಾಯನ ಅರ್ಧ ಉಸಿರು ಕದ್ದ. ರಾಜನಿಗೆ ಉಬ್ಬಸ ಹತ್ತಿತು. ಮಾರನೆಯ ದಿನ ಕದ್ದವನೇ ವೈದ್ಯನ ವೇಷ ಹಾಕಿ ಬಂದ.

"ಉಬ್ಬಸಕ್ಕೆ ಬಾವಲಿ ಮಾಂಸವೇ ಮದ್ದು ಬುದ್ಧಿ. ಜನ ಮರದಡಿ ತಮಟೆ ಬಡೀಲಿ. ಹಿಡಿಯೋದು ನನಗಿರಲಿ."

ರಾಜನ ಮಾತು ಮೀರೋರು ಯಾರು? ಊರೆಲ್ಲ ತಮಟೆ ಬಡಿಯಿತು. ಬೆದರಿ ಎದ್ದ ಬಾವಲಿಗಳನ್ನೆಲ್ಲ ಮಾರಬೀರ ಒಂದು ಕರಿ ಚೀಲಕ್ಕೆ ತುಂಬಿಕೊಂಡು ಗುಹೆಗೆ ಹೋದ. ಮದ್ದೂ ಇಲ್ಲ, ವೈದ್ಯನೂ ಇಲ್ಲ.

ಮುಂದಿನ ವರ್ಷ ಹಿಪ್ಪೆ ಹೂಬಿಟ್ಟಿತು, ಕಾಯಿ ಕಟ್ಟಲಿಲ್ಲ. ಎಣ್ಣೆ ಮುಗಿದು ದೀಪ ಆರಿದ ಮನೆಯಲ್ಲೆಲ್ಲ ಉಬ್ಬಸ. ಒಂದೇ ರಾತ್ರಿ ದೀಪ ಆರಿದ್ದಕ್ಕೆ ಮಾಳಿಂಗನ ಅವ್ವ ಹೊನ್ನೂರವ್ವನ ಎದೆ ಹಳೇ ಬಾಗಿಲಿನ ಹಾಗೆ ಕಿರುಗುಟ್ಟಿತು. ಮನೆಯಲ್ಲಿ ಉಳಿದದ್ದು ಒಂದೇ ಕುಡಿಕೆ ಎಣ್ಣೆ.

"ಇದು ಮುಗಿದ ದಿನ ನಾನೂ ಮುಗೀತೀನಿ. ಆ ವೈದ್ಯ ಮಾರಬೀರನೇ ಕಣೋ, ಗುಹೆಗೆ ಹೋಗಿ ಬಾವಲಿ ಕರ್ಕೊಂಡು ಬಾ. ಓಡಿಸಿದವನು ನೀನೇ ತಾನೆ?" ಅಂದಳು ಅವ್ವ.

"ಊರೆಲ್ಲ ಬಡೀತಲ್ಲವ್ವ."

"ನಿನ್ನ ಸದ್ದಿನ ಮುಂದೆ ಊರಿಂದು ನನಗೆ ಕೇಳಿಸಲೇ ಇಲ್ಲ ಮಗನೆ."

ಮಾಳಿಂಗ ಅರ್ಧ ಎಣ್ಣೆಯನ್ನು ಅವ್ವನ ದೀಪಕ್ಕೆ ಹುಯ್ದ. ಅದು ಆರೋದರೊಳಗೆ ಬಾವಲಿ ಬರಬೇಕು. ಉಳಿದರ್ಧ ಹಿಡಿದು ಗುಹೆಯ ದಾರಿ ಹಿಡಿದ.

ದಾರಿಗಡ್ಡ ಆನೆ ಗಾತ್ರದ ಮುಳ್ಳುಹಂದಿ. "ಯಾರವನು? ಏನು ತಂದೆ? ಎಲ್ಲಿಗೆ ಹೊರಟೆ?"

"ಗಾಣದ ಮಾಳಿಂಗ. ಎಣ್ಣೆ ತಂದೆ. ಬಾವಲಿ ತರಹೊರಟೆ."

"ಅವು ಬೀಳಿಸಿದ ಹಣ್ಣು ತಿಂದೇ ಬೆಳೆದವನು ನಾನು. ಈಗ ಮೈ ಬತ್ತಿ ಮುಳ್ಳೆಲ್ಲ ಬಿಗಿದಿವೆ. ಎಣ್ಣೆ ಸವರು, ದಾರಿ ಬಿಡ್ತೀನಿ."

ಸವರಿದ. ಮುಂದೆ ಗುಹೆಯ ಬಾಗಿಲಲ್ಲಿ ಮನೆಯಷ್ಟೆತ್ತರದ ಕರಡಿ, ಕೊರಳಲ್ಲಿ ಕಬ್ಬಿಣದ ಪಟ್ಟಿ. "ಯಾರವನು? ಏನು ತಂದೆ? ಎಲ್ಲಿಗೆ ಹೊರಟೆ?"

"ಗಾಣದ ಮಾಳಿಂಗ. ಎಣ್ಣೆ ತಂದೆ. ಬಾವಲಿ ತರಹೊರಟೆ."

"ಹಿಪ್ಪೆ ಎಣ್ಣೆಯೇನೋ? ಆ ವಾಸನೆ ಹಿಡಿದು ಎಷ್ಟು ಕಾಲವಾಯ್ತು. ಕೊರಳಿಗೆ ಹಚ್ಚು, ನಿನ್ನ ಕೈ ನೆಕ್ಕಿದರೆ ಬೇಜಾರು ಮಾಡ್ಕೋಬೇಡ."

ಎಣ್ಣೆ ಹಚ್ಚಿದ. ಪಟ್ಟಿ ಜಾರಿತು, ಕರಡಿ ಕೈ ನೆಕ್ಕಿ ಕಾಡಿಗೆ ಹೋಯಿತು. ಮಾಳಿಂಗ ಉಳಿದ ಹನಿ ಎಣ್ಣೆಗೆ ಬತ್ತಿ ಹಚ್ಚಿ ಒಳಗೆ ನಡೆದ. ಮಾರಬೀರ ಗೊರಕೆ ಹೊಡೆಯುತ್ತಿದ್ದ. ಪಕ್ಕದಲ್ಲೇ ಕರಿ ಚೀಲ.

"ಯಾರವನು? ಏನು ತಂದೆ?" ಅಂದಿತು ಚೀಲದೊಳಗಿನ ಹಿರಿ ಬಾವಲಿ.

"ಗಾಣದ ಮಾಳಿಂಗ, ಅಜ್ಜಿ. ನಿಮ್ಮನ್ನು ಕರೆಯೋಕೆ ಬಂದೆ."

"ಗಾಣದವನಲ್ಲ, ತಮಟೆಯವನು. ನಮಗೆ ವರ್ಷಕ್ಕೊಂದೇ ಮರಿ ಕಣೋ. ಅವ್ವನ ಎದೆ ಕಚ್ಚಿಕೊಂಡು ಬೆಳೀತದೆ. ನೀನು ಬಡಿದ ದಿನ ಆ ಮರಿಗಳೆಲ್ಲ ಉದುರಿದವು. ಚೀಲದಲ್ಲಿ ಸತ್ತವು ಸತ್ತು, ಈಗ ನಾವು ಒಂದು ಕೊಂಬೆಗಾಗುವಷ್ಟು. ಬರೋದಿಲ್ಲ, ಹೋಗು."

ಮಾಳಿಂಗ ದೀಪ ಕೆಳಗಿಟ್ಟು ಚೀಲದ ಮುಂದೆ ಕೂತ. ಮೆಲ್ಲಗೆ ಅಂದ: "ಇನ್ನು ಆ ಮರದಡಿ ಸದ್ದಾಗಲ್ಲ ಅಜ್ಜಿ. ನನ್ನ ಮದುವೆ ದಿಬ್ಬಣವೂ ವಾದ್ಯ ಊದದೆ ಹೋಗ್ತದೆ."

"ಮದುವೆ? ನಿನಗೆ ಹೆಣ್ಣು ಕೊಡೋರು ಯಾರೋ?" ಚೀಲವೆಲ್ಲ ಕಿಚಕಿಚ ನಕ್ಕಿತು.

"ಕೊಡದಿದ್ದರೆ ಬಿಡಲಿ. ನೀವು ಬರದಿದ್ದರೂ ಬಿಡಿ. ಗಂಟಂತೂ ಬಿಚ್ತೀನಿ."

ಬಿಚ್ಚಿದ. ಮಾರಬೀರ ಎಚ್ಚೆತ್ತ. ದೀಪ ಆರಿಸಲು ಊದಿದ, ಕದ್ದ ಉಸಿರೆಲ್ಲ ಸೇರಿಸಿ ಊದಿದ. ಬಂಡೆಗಳು ಉರುಳಿದವು. ಹಿರಿ ಬಾವಲಿ ಹಾರಿ ಬಂದು ದೀಪದ ಮುಂದೆ ರೆಕ್ಕೆ ಹಿಡಿಯಿತು. ಹಿಂದೆಯೇ ಉಳಿದವೆಲ್ಲ ಬಂದವು. ರೆಕ್ಕೆಗೆ ರೆಕ್ಕೆ ಸೇರಿ ಗೋಡೆಯಾಯಿತು. ದೀಪ ಅಲುಗಲಿಲ್ಲ. ಊದಿ ಊದಿ ಮಾರಬೀರನೊಳಗೆ ಉಸಿರೇ ಉಳಿಯಲಿಲ್ಲ; ಒಣ ತೊಗಲಾಗಿ ನೆಲಕ್ಕೆ ಬಿದ್ದ. ಅವನು ಊದಿದ ಉಸಿರು ಗಾಳಿಯಲ್ಲಿ ಹೋಗಿ ತಂತಮ್ಮ ಎದೆ ಹುಡುಕಿಕೊಂಡಿತು. ಅವ್ವ ಎದ್ದು ಕೂತು ಅಂಬಲಿ ಕೇಳಿದಳು. ರಾಜ ತಮಟೆಯ ಆಜ್ಞೆ ಹಿಂತೆಗೆದ, ಬಾವಲಿಗಳು ಗೋಣಿಮರಕ್ಕೆ ಮರಳಿದವು.

ವರ್ಷಕ್ಕೊಂದೇ ಮರಿಯಲ್ಲವೆ, ಗೋಣಿಮರ ಮತ್ತೆ ತುಂಬೋ ಹೊತ್ತಿಗೆ ಮಾಳಿಂಗನ ಮೊಮ್ಮಗಳಿಗೆ ಮದುವೆ. ದಿಬ್ಬಣ ಮರದಡಿ ಬಂದಾಗ ಓಲಗದವರು ಓಲಗ ಕಂಕುಳಿಗಿಟ್ಟರು, ಮದುಮಗಳು ಕಾಲ್ಗೆಜ್ಜೆ ಬಿಚ್ಚಿ ಕೈಯಲ್ಲಿ ಹಿಡಿದಳು. ಮೇಲೆ ಒಂದು ಮರಿಗೂ ಎಚ್ಚರವಾಗಲಿಲ್ಲ. ಆ ರಾಜ್ಯದವರು ಹಿಪ್ಪೆ ದೀಪದ ಬೆಳಕಲ್ಲಿ ಉಂಡು ಉಟ್ಟು ನೂರ್ಕಾಲ ಬಾಳಿದರು. ಆ ದಿಬ್ಬಣದಲ್ಲಿ ನಾನೂ ಇದ್ದೆ. ನನ್ನಷ್ಟು ಮೆಲ್ಲಗೆ ನಡೆದವರು ಇನ್ನೊಬ್ಬರಿಲ್ಲ.