ಏಳು ದಿನದ ಹಿಟ್ಟು

"ನೀವು ಕೊಟ್ಟಿದ್ದು ನಾಯಿಮರಿಯೋ, ಕಾಯಿಲೆಯೋ?"

ಬೆಳಿಗ್ಗೆ ಏಳೂವರೆಗೆ, ಗೇಟು ತೆರೆಯುವ ಮೊದಲೇ ಈ ಪ್ರಶ್ನೆ ಒಳಗೆ ಬಂದಿತ್ತು. ಅದರ ಹಿಂದೆ ಒಬ್ಬ ಉದ್ದನೆಯ ಮನುಷ್ಯ ಬಂದ. ಕೈಯಲ್ಲಿ ಟವೆಲು, ಟವೆಲಿನಲ್ಲಿ ಬಿಳಿ ಮರಿ, ಮರಿಯ ಕೃಪೆಯಿಂದ ಅಂಗಿಯ ಮುಂಭಾಗವೆಲ್ಲ ಹಳದಿ.

ತೇನ್‌ಮೊಳಿ ಮನುಷ್ಯನ ಮುಖ ನೋಡಲಿಲ್ಲ. ಮರಿಯ ವಸಡು ಒತ್ತಿದಳು. ಕತ್ತಿನ ಚರ್ಮ ಎಳೆದು ಬಿಟ್ಟಳು.

"ಏನು ತಿನ್ನಿಸಿದಿರಿ?"

"ಇರೋದರಲ್ಲೇ ಒಳ್ಳೇದು. ಮದುರೆಯಿಂದ ತರಿಸಿದ ಪ್ಯಾಕೆಟ್ಟು. ಚೀಲದ ಮೇಲೆ ನಾಯಿ ನಗ್ತಾ ಇದೆ, ಗೊತ್ತಾ?"

"ಯಾವಾಗಿಂದ?"

"ತಗೊಂಡು ಹೋದ ದಿನದಿಂದಲೇ."

"ನಾನು ಊರಲ್ಲಿರಲಿಲ್ಲ, ನಮ್ಮ ಸೋದರತ್ತೆ ಮರಿ ಕೊಟ್ಟಿದ್ದು. ಜೊತೆಗೆ ಹಿಟ್ಟಿನ ಪೊಟ್ಟಣ ಕೊಡಲಿಲ್ವಾ?"

ಅವನು ಮೊದಲ ಸಲ ತಡವರಿಸಿದ. "ಅದು... ಪಕ್ಕದ ಮನೆ ಕೋಳಿಗಳಿಗೆ ಹಾಕಿಬಿಟ್ಟೆ."

"ಕೋಳಿಗಳು ಹೇಗಿವೆ?"

"ಚೆನ್ನಾಗಿವೆ."

"ಇರ್ತವೆ."

ತೇನ್‌ಮೊಳಿ ಎಂದರೆ ಜೇನಿನಂಥ ಮಾತಿನವಳು ಎಂದರ್ಥ. ಹೆಸರಿಟ್ಟ ಅಪ್ಪನನ್ನು ಊರು ಎಂದೋ ಕ್ಷಮಿಸಿತ್ತು.

ರಾಜಪಾಳಯದಲ್ಲಿ ಬಿಳಿ ಬೇಟೆನಾಯಿ ಸಾಕುವ ಮನೆಗಳು ಇನ್ನೂ ಇವೆ. ಆದರೆ ಈ ಮನೆಯಿಂದ ಮರಿ ಬರಿಗೈಲಿ ಹೊರಡುತ್ತಿರಲಿಲ್ಲ. ತಾನು ತಿಂದು ಬೆಳೆದ ಹಿಟ್ಟನ್ನು ಏಳು ದಿನಕ್ಕಾಗುವಷ್ಟು ಕಟ್ಟಿಸಿಕೊಂಡೇ ಹೋಗುತ್ತಿತ್ತು. ಹುರಿದ ಸಜ್ಜೆ, ಹುರಿಗಡಲೆ, ಕಾಲು ನೆಟ್ಟಗೆ ಬೆಳೆಯಲೆಂದು ಒಣಗಿಸಿ ಕುಟ್ಟಿದ ಮೊಟ್ಟೆ ಚಿಪ್ಪು. ಮೊದಲು ಮುಕ್ಕಾಲು ಪಾಲು ಹಳೆಯದು, ಕಾಲು ಪಾಲು ಹೊಸದು. ಆಮೇಲೆ ಅರ್ಧ ಅರ್ಧ. ಕೊನೆಗೆ ಕಾಲು ಪಾಲು ಹಳೆಯದು. ಎಂಟನೆಯ ದಿನದಿಂದ ಹೋದ ಮನೆಯ ಊಟ. ಇದು ಅವಳ ಅಪ್ಪ ಮಾಡಿಟ್ಟ ಕಟ್ಟಳೆ.

ಆ ಊರಿನಲ್ಲಿ ಮದುವೆಯಾಗಿ ಹೋಗುವ ಹುಡುಗಿಯರಿಗೂ ಯಾರೂ ಇಷ್ಟು ವ್ಯವಧಾನ ಕೊಟ್ಟದ್ದಿಲ್ಲ.

"ಮೂರು ದಿನ ಇಲ್ಲೇ ಇರಲಿ," ಎಂದಳು. "ನೀವು ಹೋಗಿ ಅಂಗಿ ಬದಲಾಯಿಸಿ."

ಅವನು ಸಂಜೆಯೇ ಮತ್ತೆ ಬಂದ!

ಹೆಸರು ಕದಿರವೇಲು. ಶ್ರೀವಿಲ್ಲಿಪುತ್ತೂರಿನ ಶಾಲೆಯಲ್ಲಿ ಗಣಿತದ ಮೇಷ್ಟ್ರು. ಮೂವರು ತಂಗಿಯರ ಮದುವೆ ಮಾಡಿ ಮುಗಿಸುವಷ್ಟರಲ್ಲಿ ವಯಸ್ಸು ಮೂವತ್ತೆಂಟು. ಮನೆಯಲ್ಲಿ ಉಳಿದದ್ದು ಅವನು ಮತ್ತು ಫ್ಯಾನು. ಫ್ಯಾನು ಮಾತ್ರ ಸದ್ದು ಮಾಡುತ್ತಿತ್ತು, ಅದಕ್ಕೇ ಮರಿ ತಂದಿದ್ದ. ಹೆಸರು ಸಿಪಾಯಿ.

ಮೂರೂ ಸಂಜೆ ಅವನು ಜಗಲಿಯ ಮೇಲೆ ಕೂತ. ಅವಳು ಮೊದಲು ಅಕ್ಕಿ ಗಂಜಿ, ಮೊಸರು ಕೊಟ್ಟಳು. ನಂತರ ಹಿಟ್ಟಿನ ಅಂಬಲಿಗೆ ಪ್ಯಾಕೆಟ್ಟಿನ ನಾಲ್ಕು ಕಾಳು ನೆನೆಸಿ ಬೆರೆಸಿದಳು. ಅವನು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ.

"ಒಂದು ಹಿಡಿ ಅಂದ್ರೆ ಎಷ್ಟು ಗ್ರಾಂ?"

"ನನ್ನ ಕೈ ಇಷ್ಟು." ತೋರಿಸಿದಳು.

ಅವನು ಆ ಅಂಗೈಯನ್ನು ಅಳತೆಗೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದ.

*ಅಯ್ಯೋ... ಅವನು ನೋಡಿದ್ದು ನನ್ನ ಅಂಗೈ ತಾನೇ? ಕಿವಿ ಯಾಕೆ ಬಿಸಿಯಾಯಿತು?*

ಹೊಸ ಪೊಟ್ಟಣ ಕಟ್ಟಿಸಿಕೊಂಡು ಸಿಪಾಯಿ ಮನೆಗೆ ಹೋಯಿತು. ಏಳು ದಿನ ಮುಗಿಯಿತು. ಭಾನುವಾರ ಗೇಟಿನ ಬಳಿ ಮತ್ತೆ ಅದೇ ಉದ್ದನೆಯ ಮನುಷ್ಯ, ಈ ಸಲ ಇಸ್ತ್ರಿ ಮಾಡಿದ ಅಂಗಿಯಲ್ಲಿ.

"ಇನ್ನೂ ಒಂದು ವಾರಕ್ಕೆ ಹಿಟ್ಟು ಸಿಗುತ್ತಾ? ಅದು... ಹಿಟ್ಟಿಲ್ಲದೆ ತಿನ್ನೋಕೆ ಮುಖ ತಿರುಗಿಸುತ್ತೆ."

ಇಲ್ಲ, ಇನ್ನು ಅದಕ್ಕೆ ಹಿಟ್ಟು ಬೇಡ ಅನ್ನಬೇಕಿತ್ತು. ಅಪ್ಪ ಇದ್ದಿದ್ದರೆ ಅನ್ನುತ್ತಿದ್ದರು.

"ಅರ್ಧ ಅರ್ಧ ಇರಲಿ. ಮುಂದಿನ ಭಾನುವಾರ ಮತ್ತೆ ಬನ್ನಿ," ಎಂದಳು ತೇನ್‌ಮೊಳಿ.

ಒಳಗೆ ಚಿಪ್ಪು ಕುಟ್ಟುತ್ತಿದ್ದ ಚೊಕ್ಕಮ್ಮತ್ತೆಯ ಒನಕೆ ಒಂದು ಕ್ಷಣ ನಿಂತಿತು.

"ಏನೇ, ಆ ಮರಿಗೆ ಇನ್ನೂ ಹಲ್ಲು ಬರಲಿಲ್ವಾ? ಇಲ್ಲಾ ಮೇಷ್ಟ್ರಿಗೋ?"

"ಸುಮ್ನಿರಿ ಅತ್ತೆ!"

ಹೀಗೆ ಹನ್ನೊಂದು ಭಾನುವಾರ! ಸಿಪಾಯಿ ಬೆಳೆದ ಹಾಗೆಲ್ಲ ಪೊಟ್ಟಣವೂ ದೊಡ್ಡದಾಯಿತು. ಅವನು ಕೂರುವ ಹೊತ್ತೂ ಬೆಳೆಯಿತು. ಬಾಯಿಬಿಟ್ಟು ಹೇಳಿದ್ದು ಮಾತ್ರ ಏನೂ ಇಲ್ಲ.

ಹನ್ನೆರಡನೆಯ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಫೋನು ಮಾಡಿದರೆ ಎತ್ತಲೂ ಇಲ್ಲ.

"ಬೇರೆ ಯಾರದೋ ಮನೆ ಹಿಟ್ಟು ರುಚಿಯಾಗಿರಬೇಕು," ಎಂದರು ಅತ್ತೆ. ಆಮೇಲೆ ಅವಳ ಮುಖ ನೋಡಿ, ಅತ್ತೆಗೂ ತಮ್ಮ ಮಾತು ರುಚಿಸಲಿಲ್ಲ.

*ಮೂವತ್ತಮೂರು ವರ್ಷ ಯಾರ ಮುಂದೆಯೂ ಬಾಗದವಳು... ಒಂದು ನೋಟ್‌ಬುಕ್ಕಿಗೆ ಸೋತೆನಾ?*

ಮೂರನೆಯ ಭಾನುವಾರ ತೇನ್‌ಮೊಳಿ ತಾನೇ ಶ್ರೀವಿಲ್ಲಿಪುತ್ತೂರಿನ ಬಸ್ಸು ಹತ್ತಿದಳು.

ಬಾಗಿಲು ತೆರೆದವನ ಹಿಂದಿನಿಂದ ಸಿಪಾಯಿ ಓಡಿಬಂತು. ಓಡಿಬಂತು ಅನ್ನುವುದು ಮರ್ಯಾದೆಯ ಮಾತು. ಐದು ತಿಂಗಳ ಮರಿಯ ಮುಂಗಾಲುಗಳು ಬಿಲ್ಲಿನಂತೆ ಹೊರಕ್ಕೆ ಬಾಗಿದ್ದವು. ಒಂದೊಂದು ಹೆಜ್ಜೆಗೂ ಅದು ನೆಲಕ್ಕೆ ಕ್ಷಮೆ ಕೇಳುವಂತಿತ್ತು.

ಅವಳ ಮನೆಯಲ್ಲಿ ಮೂರು ತಲೆಮಾರಿನಲ್ಲಿ ಇಂಥ ಕಾಲು ಹುಟ್ಟಿರಲಿಲ್ಲ.

"ಏನು ಮಾಡಿದಿರಿ ಇದಕ್ಕೆ?"

"ನೀವು ಹೇಳಿದ್ದೇ. ಅರ್ಧ ನಿಮ್ಮ ಹಿಟ್ಟು, ಅರ್ಧ ಪ್ಯಾಕೆಟ್ಟು. ಒಂದು ಗ್ರಾಂ ಆಚೀಚೆ ಇಲ್ಲ." ಅವನ ಧ್ವನಿ ಸತ್ತಿತ್ತು.

"ಅಂದ್ರೆ ತಪ್ಪನ್ನು ನನ್ನ ಹಿಟ್ಟಿನ ಮೇಲೆ ಹಾಕ್ತೀರಾ? ಅದಕ್ಕೇ ಮೂರು ವಾರ ಮುಖ ತೋರಿಸಲಿಲ್ಲ?"

"ನಾನು ಹಾಗೆ ಅಂದೆನಾ...?"

"ಅನ್ನಬೇಕಾ! ನಡೀರಿ ಡಾಕ್ಟರ ಹತ್ತಿರ. ಅವರ ಬಾಯಲ್ಲೇ ಕೇಳ್ತೀನಿ."

ಪಶುವೈದ್ಯೆ ಮೆದುವಾಗಿ ಮಾತಾಡುವ ಹೆಂಗಸು. ಮೆದುವಾಗಿಯೇ ಕೇಳಿದರು, "ಹಿಟ್ಟಿನಲ್ಲಿ ಮೊಟ್ಟೆ ಚಿಪ್ಪು ಇದೆಯೇನಮ್ಮಾ?"

"ಇದೆ. ಅಪ್ಪನ ಕಾಲದಿಂದಲೂ ಇದೆ. ಎಲ್ಲ ಕಾಲೂ ನೆಟ್ಟಗೇ ಇದ್ದವು!"

"ಇರ್ತವೆ. ಅವು ಬರೀ ಅಂಬಲಿ ತಿಂತಿದ್ದವು, ಅದಕ್ಕೆ ಚಿಪ್ಪು ಬೇಕಿತ್ತು. ಪ್ಯಾಕೆಟ್ಟಿನಲ್ಲಿ ಸುಣ್ಣದ ಅಂಶ ಅಳತೆ ಮಾಡಿಯೇ ಹಾಕಿರ್ತಾರೆ. ಅದರ ಮೇಲೆ ಚಿಪ್ಪೂ ಬಿದ್ದರೆ, ಬೇಗ ಬೆಳೆಯೋ ದೊಡ್ಡ ಜಾತಿ ಮರಿಗೆ ಮೂಳೆ ದಾರಿ ತಪ್ಪುತ್ತೆ. ಒಂದು ವಾರ ಆದರೆ ಏನೂ ಆಗಲ್ಲ. ತಿಂಗಳುಗಟ್ಟಲೆ ಅಂದ್ರೆ..." ಅವರು ಅವನ ಕಡೆ ತಿರುಗಿದರು. "ಸಾರ್, ಮೂರು ತಿಂಗಳಿಗೆ ಲಸಿಕೆಗೆ ಬಂದಾಗಲೇ ಹೇಳಿದ್ದೆನಲ್ಲ, ಮನೆ ಹಿಟ್ಟು ನಿಲ್ಲಿಸಿ ಅಂತ?"

ಕದಿರವೇಲು ನೆಲ ನೋಡಿದ.

"ಸರಿ ಹೋಗುತ್ತಾ?" ಎಂದಳು ತೇನ್‌ಮೊಳಿ. ಅದು ಅವಳ ಧ್ವನಿಯಂತೆ ಕೇಳಿಸಲಿಲ್ಲ.

"ಸ್ವಲ್ಪ. ಪೂರ್ತಿ ಅಂತ ಹೇಳಲಾರೆ. ಇನ್ನು ಆ ಹಿಟ್ಟು ಒಂದು ಚಿಟಿಕೆಯೂ ಬೇಡ. ಮೆಟ್ಟಿಲು ಹತ್ತಿಸಬೇಡಿ, ನೆಗೆಯೋಕೆ ಬಿಡಬೇಡಿ."

ಹೊರಗೆ ಬೇವಿನ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತರು. ನಡುವೆ ಸಿಪಾಯಿ.

"ಹೇಳಿದ್ದರಂತಲ್ಲ," ಎಂದಳು.

"ಹೇಳಿದ್ದರು."

"ಮತ್ತೆ?"

"ಹಿಟ್ಟು ನಿಲ್ಲಿಸಿದ್ರೆ ನಿಮ್ಮ ಗೇಟಿಗೆ ಏನು ಹೇಳಿ ಬರಲಿ?" ಅವನು ಅವಳತ್ತ ನೋಡದೆ ಹೇಳಿದ. "ಮುಂದಿನ ವಾರ ನಿಲ್ಲಿಸ್ತೀನಿ, ಮುಂದಿನ ವಾರ ನಿಲ್ಲಿಸ್ತೀನಿ ಅಂದ್ಕೊಂಡೆ. ಇದು ಖುಷಿಯಿಂದ ತಿಂತಿತ್ತು. ಏನೂ ಆಗಲ್ಲ ಅಂದ್ಕೊಂಡೆ. ಕಾಲು ಬಾಗಿದ್ದು ಕಂಡ ಮೇಲೆ ನಿಮಗೆ ಮುಖ ತೋರಿಸೋ ಯೋಗ್ಯತೆ ಇರಲಿಲ್ಲ... ನಾನು ಮಾಡಿದ್ದು ತಿಳಿಯದೆ ಆದ ತಪ್ಪಲ್ಲ ತೇನ್‌ಮೊಳಿ. ತಿಳಿದೇ ಮಾಡಿದ್ದು."

ಹೆಸರು ಹಿಡಿದು ಅವನು ಕರೆದದ್ದು ಅದೇ ಮೊದಲು. ಹನ್ನೊಂದು ಭಾನುವಾರ ಅವಳು ಕಾದಿದ್ದ ಮಾತು, ಬಂದದ್ದು ಹೀಗೆ!

ಬೈಯಬಹುದಿತ್ತು. ಬೈಗುಳ ಗಂಟಲಿಗೂ ಬಂದಿತ್ತು. ಆದರೆ ಅದರ ಹಿಂದೆಯೇ ಇನ್ನೊಂದು ಬಂದು ದಾರಿ ಕಟ್ಟಿತು.

"ಏಳು ದಿನದ ಮೇಲೆ ಆ ಹಿಟ್ಟು ಬೇಡ ಅಂತ ನನಗೆ ಗೊತ್ತಿರಲಿಲ್ವಾ?" ಎಂದಳು. "ಕೆಡುಕಾಗುತ್ತೆ ಅಂತ ಗೊತ್ತಿರಲಿಲ್ಲ, ನಿಜ. ಆದ್ರೆ ಬೇಡ ಅಂತ ಗೊತ್ತಿತ್ತು. ಅಪ್ಪ ನಲವತ್ತು ವರ್ಷ ಯಾರಿಗೂ ಎರಡನೇ ಪೊಟ್ಟಣ ಕೊಟ್ಟವರಲ್ಲ. ನಾನು ಹನ್ನೊಂದು ಕೊಟ್ಟೆ."

ಅವನು ತಲೆಯೆತ್ತಿದ.

"ಯಾಕೆ ಅಂತ ಕೇಳಬೇಡಿ," ಎಂದಳು ಒರಟಾಗಿ. ಕಣ್ಣು ಮಾತ್ರ ಒರಟಾಗಲು ಒಪ್ಪಲಿಲ್ಲ.

ತನ್ನ ಬಗ್ಗೆಯೇ ಮಾತು ನಡೆದಿದೆ ಎಂದು ಸಿಪಾಯಿಗೆ ಹೇಗೋ ತಿಳಿಯಿತು. ಬಾಲ ಬಡಿಯಿತು. ಯಾರ ಮೇಲೂ ಅದಕ್ಕೆ ದೂರಿರಲಿಲ್ಲ. ಇಬ್ಬರಿಗೂ ಅದೇ ಸಹಿಸಲಾಗಲಿಲ್ಲ.

"ಇನ್ನು ಮೇಲೆ ನನ್ನನ್ನು ನೋಡಿದಾಗೆಲ್ಲ," ಎಂದ ಕದಿರವೇಲು, "ನಿಮಗೆ ಇದರ ಕಾಲೇ ಕಾಣುತ್ತೆ."

"ಕಾಣುತ್ತೆ. ನಿಮಗೆ?"

"ನನಗೂ."

"ಹಾಗಿದ್ದರೆ ಒಂದೇ ಮನೇಲಿರೋದು ವಾಸಿ. ಬೇರೆ ಬೇರೆ ಊರಲ್ಲಿ ಕೂತು ಇದನ್ನೇ ನೆನೆಸಿಕೊಂಡು ಯಾಕೆ ಸಾಯೋದು?"

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಗಣಿತದ ಮೇಷ್ಟ್ರು ಎಂಬುದು ಇಲ್ಲಿ ಏನೂ ನೆರವಾಗಲಿಲ್ಲ.

"ನೀವು... ಕೋಪದಲ್ಲಿ ಹೇಳ್ತಿಲ್ಲ ತಾನೇ?"

"ಕೋಪದಲ್ಲೇ ಹೇಳ್ತಿದ್ದೀನಿ. ಅದು ಹೋಗೋಕೆ ವರ್ಷಗಳಾಗುತ್ತೆ. ಅಷ್ಟು ದಿನ ಕಾಯೋ ವಯಸ್ಸು ನಮಗಿಲ್ಲ."

"ನಿಮ್ಮ ಅತ್ತೆ?"

"ಬೈತಾರೆ. ನಿಮಗೆ ಒಂದು ಪಾಲು, ನನಗೆ ಮೂರು ಪಾಲು."

ಅವನು ನಕ್ಕ. ನಗುವಿನ ಅರ್ಧದಲ್ಲೇ ಅತ್ತುಬಿಟ್ಟ. ಅವಳು ನೋಡದವಳಂತೆ ರಸ್ತೆಯ ಕಡೆ ತಿರುಗಿದಳು, ಆದರೆ ಕೈ ಚಾಚಿ ಅವನ ಅಂಗಿಯ ತೋಳು ಹಿಡಿದುಕೊಂಡಳು.

ಆಸ್ಪತ್ರೆಯ ಅಂಗಳದಿಂದ ರಸ್ತೆಗೆ ಐದು ಮೆಟ್ಟಿಲು. ಅವನು ಬಗ್ಗಿ ಸಿಪಾಯಿಯನ್ನು ಎತ್ತಿಕೊಂಡ. ಎರಡು ಮೆಟ್ಟಿಲು ಇಳಿದಾಗ ತೇನ್‌ಮೊಳಿ ಅಡ್ಡ ನಿಂತಳು.

"ನನಗೆ ಕೊಡಿ."

"ಭಾರ ಇದೆ."

"ಗೊತ್ತು. ಕೊಡಿ."