ಸಿಟ್ಟು ಬಾರದ ರಕ್ತ

ಅಂಬ್ರುಶ್‌ನ ರಕ್ತಕ್ಕೆ ಸಿಟ್ಟೇ ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು, ವಾರದ ಏಳೂ ದಿನ.

ಸೆಗೆದ್ ಊರಿನ ನಮ್ಮ ಪ್ರಯೋಗಾಲಯದಲ್ಲಿ ನಾನು ಆರೋಗ್ಯವಂತರ ರಕ್ತದಿಂದ ಬಿಳಿ ಕಣಗಳನ್ನು ಬೇರ್ಪಡಿಸಿ ಎರಡು ಪಾಲು ಮಾಡುತ್ತೇನೆ. ಒಂದು ಪಾಲಿಗೆ ಸಕ್ಕರೆ ಕಾಯಿಲೆಯ ಮದ್ದು ಮೆಟ್‌ಫಾರ್ಮಿನ್. ಇನ್ನೊಂದಕ್ಕೆ ಏನೂ ಇಲ್ಲ. ಆಮೇಲೆ ಸತ್ತ ಬ್ಯಾಕ್ಟೀರಿಯಾದ ಚೂರು ಹಾಕಿ ಎರಡನ್ನೂ ಕೆಣಕುತ್ತೇನೆ. ಮದ್ದಿಲ್ಲದ ಕಣಗಳು ಉರಿದೆದ್ದು ಉರಿಯೂತದ ರಸಗಳನ್ನು ಕಾರಬೇಕು, ಮದ್ದು ಸೇರಿದವು ತಣ್ಣಗಿರಬೇಕು. ಹನ್ನೊಂದು ಮಂದಿಯ ರಕ್ತ ಹೇಳಿದ ಹಾಗೆ ಕೇಳಿತು. ಹನ್ನೆರಡನೆಯವನಾದ ಅಂಬ್ರುಶ್‌ನದು ಮಾತ್ರ ಎರಡೂ ಪಾಲು ತಣ್ಣಗೆ.

“ಶುಕ್ರವಾರದೊಳಗೆ ಕಾರಣ ಹುಡುಕು. ಇಲ್ಲದಿದ್ರೆ ಇಡೀ ವರ್ಷದ ಕೆಲಸ ಮೊದಲಿಂದ,” ಎಂದಿದ್ದರು ಪ್ರೊಫೆಸರ್. ಕಾರಣವಿಲ್ಲದೆ ಯಾರನ್ನೂ ಪಟ್ಟಿಯಿಂದ ತೆಗೆಯುವಂತಿಲ್ಲ. ಅವನನ್ನು ತೆಗೆಯಲು ನನಗೆ ಮನಸ್ಸೂ ಇರಲಿಲ್ಲ. ಅದನ್ನು ಪ್ರೊಫೆಸರ್‌ಗೆ ಹೇಳುವುದು ಹೇಗೆ?

ಹನ್ನೆರಡನೆಯವನು ಟ್ರಾಮ್ ಓಡಿಸುತ್ತಾನೆ. ಮಂಗಳವಾರ ಬೆಳಗ್ಗೆ ಪಾಳಿಗೆ ಮುಂಚೆ ಸಮವಸ್ತ್ರದಲ್ಲೇ ಬಂದು ತೋಳು ಚಾಚುತ್ತಾನೆ. ಸೂಜಿ ನೋಡಲಾರದೆ ನನ್ನ ಕಿವಿ ನೋಡುತ್ತಾನೆ. ನನ್ನ ಅಪ್ಪಣೆಯಿಲ್ಲದೆ ಆ ಕಿವಿ ಕೆಂಪಾಗುತ್ತದೆ.

“ಯಾವುದಾದ್ರೂ ಔಷಧಿ ತಗೋತೀಯಾ?” ಈ ಮಂಗಳವಾರ ಐದನೇ ಸಲ ಕೇಳಿದೆ.

“ಇಲ್ಲ ಅಂದ್ನಲ್ಲ ಶರೋಲ್ತಾ. ತಲೆನೋವಿಗೂ ಇಲ್ಲ.”

“ಮತ್ತೆ ನಿನ್ನ ರಕ್ತಕ್ಕೆ ಯಾಕೆ ಸಿಟ್ಟು ಬರ್ತಿಲ್ಲ?”

“ನಂಗೂ ಬರಲ್ಲ. ಟ್ರಾಮ್ ಬಾಗಿಲಿಗೆ ಛತ್ರಿ ಸಿಕ್ಕಿಸ್ಕೊಂಡು ನನ್ನನ್ನೇ ಬೈಯೋ ಅಜ್ಜಿಯರನ್ನ ಕೇಳು ಬೇಕಾದ್ರೆ.”

“ಇದು ತಮಾಷೆ ಅಲ್ಲ!”

ರಕ್ತ ತೆಗೆಯುತ್ತಿದ್ದ ನರ್ಸ್ ಪಿರೋಷ್ಕಾ ಆಂಟಿ ಸೂಜಿ ಹಿಡಿದೇ ನಕ್ಕರು. “ಅಬ್ಬ, ಈ ಹುಡುಗಿಗೆ ದನಿ ಇದೆ!”

ಹತ್ತಿ ಒತ್ತಿಕೊಂಡು ಅವನು ಫ್ಲಾಸ್ಕಿನ ಮುಚ್ಚಳ ತಿರುಗಿಸಿದ. ಒಣಹುಲ್ಲಿನಂಥ ಕಹಿ ವಾಸನೆ. ಆಂಟಿ ಮೂಗೆತ್ತಿದರು.

“ಏನೋ ಇದು?”

“ಟೀ, ಆಂಟಿ. ಅಮ್ಮ ಹಳ್ಳಿಯಿಂದ ಕಳಿಸ್ತಾಳೆ. ದಿನಕ್ಕೆ ಮೂರು ಲೋಟ.”

“ಇದು ಮೇಕೆಸೊಪ್ಪು ಕಣೋ! ನಮ್ಮಜ್ಜಿ ಸಕ್ಕರೆ ಕಾಯಿಲೆಗೆ ಇದನ್ನೇ ಕುಡೀತಿದ್ಲು.”

ನಾನು ಹಣೆ ಚಚ್ಚಿಕೊಂಡೆ. ಮೆಟ್‌ಫಾರ್ಮಿನ್‌ನ ಮೂಲ ಹುಡುಕುತ್ತ ಹಿಂದೆ ಹೋದರೆ ಸಿಗುವುದು ಇದೇ ನಸುನೇರಳೆ ಹೂವಿನ ಗಿಡ. ನನ್ನ ಪ್ರಬಂಧದ ಮೊದಲ ಅಧ್ಯಾಯದಲ್ಲೇ ಇದೆ, ಚಿತ್ರಸಮೇತ. ಬರೆದವಳು ನಾನೇ.

“ಯಾಕೆ ಹೇಳಲಿಲ್ಲ?”

“ನೀನು ಔಷಧಿ ಕೇಳ್ದೆ. ಇದು ಟೀ!”

“ಇದು ಔಷಧಿಯ ಅಜ್ಜಿ, ಮಾರಾಯ!”

ಅವನು ಲೋಟ ಕೆಳಗಿಟ್ಟ. “ಅಪ್ಪನೂ ಟ್ರಾಮ್ ಓಡಿಸ್ತಿದ್ದ. ಸಕ್ಕರೆ ಕಾಯಿಲೆ ಕಣ್ಣು ತಿಂತು, ಕೆಲಸದಿಂದ ಇಳಿಸಿದ್ರು. ಈಗ ನನ್ನ ಸರದಿ ಅಂತ ಅಮ್ಮಂಗೆ ಹೆದರಿಕೆ. ಕುಡಿದೆ ಅಂತ ದಿನಾ ಫೋನಲ್ಲಿ ಒಪ್ಪಿಸ್ಬೇಕು.”

ಇಂಥವನ ಮೇಲೆ ನೆಮ್ಮದಿಯಾಗಿ ಸಿಟ್ಟು ಮಾಡಿಕೊಳ್ಳಲೂ ಆಗುವುದಿಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

“ನಿನ್ನನ್ನ ಪಟ್ಟಿಯಿಂದ ತೆಗೀಬೇಕು,” ಎಂದು ಡ್ರಾಯರ್‌ನಿಂದ ನಮೂನೆಯ ಕಾಗದ ತೆಗೆದೆ. “ಟೀ ಬಿಟ್ಟು ಎರಡು ತಿಂಗಳಾದ್ಮೇಲೆ ವಾಪಸ್ ಬರಬಹುದು.”

ಅವನು ಅದನ್ನು ಎಳೆದುಕೊಂಡು ಗಟ್ಟಿಯಾಗಿ ಓದಿದ. “ಕೈಬಿಡಲು ಕಾರಣ. ಒಂದು, ಮದ್ದು ಅಥವಾ ಗಿಡಮೂಲಿಕೆ. ಎರಡು, ಕಾಯಿಲೆ. ಮೂರು, ಸಂಶೋಧಕರಿಗೆ ತೀರಾ ಹತ್ತಿರದವರು.” ತಲೆ ಎತ್ತಿದ. “ಈ ಮೂರನೇದಕ್ಕೆ ಎಷ್ಟು ತಿಂಗಳು?”

“ತಿಂಗಳ ಲೆಕ್ಕ ಇಲ್ಲ. ಅಂಥವರು ಮತ್ತೆ ಯಾವತ್ತೂ ರಕ್ತ ಕೊಡೋ ಹಾಗಿಲ್ಲ.”

“ಹೊರಗಡೆ ಸಿಗಬಹುದಾ?”

“ಹೊರಗಡೆ ಯಾರು ಯಾರಿಗೆ ಸಿಕ್ರೆ ಸಂಸ್ಥೆಗೇನು?”

ಅವನು ಮೊದಲನೆಯದಕ್ಕೆ ಗುರುತು ಹಾಕಿದ. ಒಂದು ಕ್ಷಣ ತಡೆದು ಮೂರನೆಯದಕ್ಕೂ ಹಾಕಿದ.

“ಅಯ್ಯೋ! ಇದನ್ನ ಪ್ರೊಫೆಸರ್ ನೋಡ್ತಾರೆ! ಇದರಲ್ಲಿ ಸುಳ್ಳು ಬರೆಯೋ ಹಾಗಿಲ್ಲ!”

“ಸುಳ್ಳಾದ್ರೆ ಹೊಡೆದುಹಾಕು.” ಪೆನ್ನು ಚಾಚಿದ. ನಗು ಇರಲಿಲ್ಲ. ಈ ಸಲ ಕಿವಿಯನ್ನಲ್ಲ, ನೇರ ನನ್ನ ಕಣ್ಣನ್ನೇ ನೋಡಿದ.

ಆಂಟಿ ಆಗಲೇ ಚೀಟಿ ಅಂಟಿಸಿದ್ದ ನಳಿಕೆಗೆ ಇನ್ನೊಂದು ಚೀಟಿ ಅಂಟಿಸತೊಡಗಿದರು.

ಏಳು ತಿಂಗಳಿಂದ ದಿನಚರಿಯಲ್ಲಿ ಅವನ ಬಗ್ಗೆ ಪುಟಗಟ್ಟಲೆ ಬರೆದದ್ದು ಬಾಯಿಯವರೆಗೆ ಬಂದು, ಎಂದಿನಂತೆ, ಅಲ್ಲೇ ನಿಂತಿತು. ಕಾಗದದ ಕೆಳಗೊಂದು ಸಾಲಿತ್ತು: “ಮೇಲಿನ ವಿವರಗಳು ನಿಜವೆಂದು ದೃಢಪಡಿಸುತ್ತೇನೆ — ಸಂಶೋಧಕರ ಸಹಿ.”

ಪೆನ್ನು ತೆಗೆದುಕೊಂಡೆ. ಏನನ್ನೂ ಹೊಡೆದುಹಾಕಲಿಲ್ಲ. ಸಹಿ ಮಾಡಿದೆ.

“ಹಾಗೆ ಹಲ್ಲು ಕಿರ್ಕೊಂಡು ಕೂರ್ಬೇಡ,” ಎಂದು ಗದರಿದೆ. “ಪಾಳಿಗೆ ಹೊತ್ತಾಯ್ತು. ಸಂಜೆ ಎಷ್ಟು ಗಂಟೆಗೆ ಬಿಡ್ತಾರೆ?”